ಒಂದರಿಂದ ಐದನೇ ತರಗತಿ: ಪ್ರತಿ ವರ್ಷದ ಹೊಸ್ತಿಲಲ್ಲಿ ಮಗುವಿಗೆ ಏನು ಬರಬೇಕು, ಅದನ್ನು ಗುರುತಿಸುವುದು ಹೇಗೆ

ಹೊಸ ಶೈಕ್ಷಣಿಕ ವರ್ಷ ಹತ್ತಿರವಾದಂತೆ ತಂದೆ ತಾಯಂದಿರೆಲ್ಲರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ‘ನಮ್ಮ ಮಗು ಮುಂದಿನ ತರಗತಿಗೆ ತಯಾರಾಗಿದೆಯೇ?’ ಅಂಕಪಟ್ಟಿ ಇದಕ್ಕೆ ಪೂರ್ತಿ ಉತ್ತರ ಕೊಡಲಾರದು. ಕಳೆದ ವರ್ಷದ ಪಾಠಗಳಲ್ಲಿ ಮಗು ಎಷ್ಟನ್ನು ನೆನಪಿಟ್ಟುಕೊಂಡು ಬರೆಯಿತು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಬರುವ ವರ್ಷದ ಕಲಿಕೆ ಯಾವುದನ್ನು ಆಧರಿಸಿ ನಿಲ್ಲುತ್ತದೋ ಅದು ಮಗುವಿನ ಕೈಗೆ ಬಂದಿದೆಯೇ ಎಂಬುದು ತಿಳಿಯುವುದಿಲ್ಲ. ಪ್ರತಿ ತರಗತಿಯಲ್ಲೂ ಕಲಿಸುವ ಸಂಗತಿಗಳು ನೂರಾರಿದ್ದರೂ ಮುಂದಿನ ವರ್ಷದ ಭಾರ ಹೊರುವಂಥವು ಎರಡೋ ಮೂರೋ ಮಾತ್ರ. ಉಳಿದವನ್ನು ಮಗು ಹಿಂದುಮುಂದಾಗಿ ಕಲಿತರೂ ನಡೆಯುತ್ತದೆ, ಆದರೆ ಈ ಎರಡು ಮೂರು ಕೈತಪ್ಪಿದರೆ ಮುಂದಿನದೆಲ್ಲ ಅಲುಗಾಡತೊಡಗುತ್ತದೆ. ಅವನ್ನು ಮನೆಯಲ್ಲೇ ಗುರುತಿಸುವ ಬಗೆಯನ್ನೂ ಕೊರತೆ ಕಂಡಾಗ ಮಾಡಬೇಕಾದದ್ದನ್ನೂ ಇಲ್ಲಿ ವಿವರಿಸಿದ್ದೇನೆ. ಓದು ಬರಹದ ಉದಾಹರಣೆಗಳನ್ನು ಕನ್ನಡ ಲಿಪಿಯಿಂದಲೇ ಆರಿಸಿಕೊಂಡಿದ್ದೇನೆ, ಏಕೆಂದರೆ ಲಿಪಿ ಬದಲಾದರೆ ಮಗು ಎಡವುವ ಜಾಗವೂ ಬದಲಾಗುತ್ತದೆ.

ನೋಡುವ ಕ್ರಮ

ಮಗುವನ್ನು ಪರೀಕ್ಷೆಗೆ ಕೂರಿಸಿದಂತೆ ಎದುರಿಗೆ ಕೂರಿಸಬೇಡಿ; ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿದ್ದೆಯಾಗಿ, ಹೊಟ್ಟೆ ತುಂಬಿರುವ ಹೊತ್ತು ನೋಡಿ ಹದಿನೈದು ನಿಮಿಷ ಸಾಕು. ಒಂದು ದಿನ ಓದು, ಇನ್ನೊಂದು ದಿನ ಲೆಕ್ಕ, ಮತ್ತೊಂದು ದಿನ ಬರಹ ಎಂದು ಹಂಚಿಕೊಂಡರೆ ಒಂದು ವಾರದೊಳಗೆ ಸ್ಪಷ್ಟವಾದ ಚಿತ್ರ ಸಿಗುತ್ತದೆ. ಮಗು ತಪ್ಪು ಮಾಡಿದ ಕೂಡಲೇ ತಿದ್ದುವ ಅಭ್ಯಾಸವನ್ನು ಆ ಹದಿನೈದು ನಿಮಿಷ ಬದಿಗಿಡಬೇಕು, ಏಕೆಂದರೆ ತಿದ್ದಿದರೆ ಮಗು ಹೇಗೆ ಯೋಚಿಸುತ್ತಿದೆ ಎಂಬುದು ನಿಮಗೆ ಕಾಣದೆ ಹೋಗುತ್ತದೆ. ‘ಇದು ಹೇಗೆ ಬಂತು, ನನಗೆ ಹೇಳು’ ಎಂದು ಸರಿಯುತ್ತರಕ್ಕೂ ತಪ್ಪುತ್ತರಕ್ಕೂ ಒಂದೇ ದನಿಯಲ್ಲಿ ಕೇಳಿ.

ಓದಿಸುವಾಗ ಶಾಲೆಯ ಪಠ್ಯಪುಸ್ತಕವನ್ನು ಬಳಸಬಾರದು. ಆ ಪುಟಗಳು ಎಷ್ಟೋ ಮಕ್ಕಳಿಗೆ ಬಾಯಿಪಾಠವಾಗಿರುತ್ತವೆ. ಬೆರಳು ಒಂದು ಸಾಲಿನ ಮೇಲೆ, ಕಣ್ಣು ಕಿಟಕಿಯ ಕಡೆ, ಬಾಯಲ್ಲಿ ಮಾತ್ರ ಪಾಠ ತಪ್ಪಿಲ್ಲದೆ ಹರಿಯುತ್ತಿರುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಅದೇ ಮಗುವಿಗೆ ಸಾಲಿನ ನಡುವಿನ ಒಂದು ಪದವನ್ನು ತೋರಿಸಿ ‘ಇದೇನು?’ ಎಂದರೆ, ಅದು ಸಾಲಿನ ಮೊದಲಿನಿಂದ ಹೇಳಿಕೊಂಡು ಬಂದು ಆ ಪದವನ್ನು ಮುಟ್ಟುತ್ತದೆ. ಅದು ನೆನಪಿನ ಶಕ್ತಿ, ಓದಲ್ಲ. ಆದ್ದರಿಂದ ಮಗು ಹಿಂದೆ ಕಾಣದ, ಅದರ ವಯಸ್ಸಿಗೆ ಹೊಂದುವ ಒಂದು ಚಿಕ್ಕ ಕಥೆಯನ್ನು ಇಟ್ಟುಕೊಳ್ಳಿ.

ಕಂಡದ್ದನ್ನು ಮೂರು ಬಗೆಯಾಗಿ ಗುರುತು ಮಾಡಿಕೊಳ್ಳಿ: ತಾನಾಗಿಯೇ ಮಾಡುತ್ತದೆ, ಸಣ್ಣ ಸುಳಿವು ಕೊಟ್ಟರೆ ಮಾಡುತ್ತದೆ, ಸುಳಿವು ಕೊಟ್ಟರೂ ಆಗುತ್ತಿಲ್ಲ. ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ ಕಲಿಕೆಗೆ ಅತ್ಯಂತ ಫಲವತ್ತಾದದ್ದೆಂದು ಗುರುತಿಸಿದ್ದು ಈ ನಡುವಿನ ಬಗೆಯನ್ನೇ, ಅಂದರೆ ಒಬ್ಬಂಟಿಯಾಗಿ ಸಾಧ್ಯವಾಗದೆ ಬಲ್ಲವರೊಬ್ಬರ ನೆರವಿನಿಂದ ಸಾಧ್ಯವಾಗುವ ಕೆಲಸಗಳನ್ನು. ಮನೆಯ ಅಭ್ಯಾಸವೂ ಅಲ್ಲಿಂದಲೇ ಶುರುವಾಗಬೇಕು.

ಒಂದನೇ ತರಗತಿಗೆ ಕಾಲಿಡುವಾಗ

ಒಂದನೇ ತರಗತಿಗೆ ಹೋಗುವ ಮಗುವಿಗೆ ವರ್ಣಮಾಲೆಯ 49 ಅಕ್ಷರಗಳೂ ಬರೆಯಲು ಬರಬೇಕೆಂಬ ನಂಬಿಕೆ ಬಹಳ ಮಂದಿಯಲ್ಲಿದೆ. ನನ್ನ ತಿಳಿವಳಿಕೆಯಲ್ಲಿ ಅದು ಈ ಹಂತದ ಮುಖ್ಯ ಸಂಗತಿಯಲ್ಲ. ಅಕ್ಷರಗಳನ್ನು ಕಲಿಸುವುದಕ್ಕೆಂದೇ ಒಂದನೇ ತರಗತಿ ಇದೆ. ಅಲ್ಲಿಗೆ ಹೋಗುವ ಮಗುವಿಗೆ ಬೇಕಾದದ್ದು ಮಾತು, ಕಿವಿ, ಬೆರಳು ಮತ್ತು ಎಣಿಕೆ.

ಮಾತೆಂದರೆ ಮನೆಮಾತು ಯಾವುದೇ ಇರಲಿ, ನಿನ್ನೆ ನಡೆದದ್ದನ್ನು ಅಪರಿಚಿತರಿಗೂ ಅರ್ಥವಾಗುವಂತೆ ನಾಲ್ಕು ವಾಕ್ಯಗಳಲ್ಲಿ ಹೇಳುವುದು, ಕೇಳಿದ ಕಥೆಯಲ್ಲಿ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂಬ ಕ್ರಮವನ್ನು ಹಿಡಿಯುವುದು, ‘ಪುಸ್ತಕ ಎತ್ತಿಟ್ಟು, ಚಪ್ಪಲಿ ಹಾಕಿಕೊಂಡು ಬಾ’ ಎಂಬಂಥ ಎರಡು ಹೆಜ್ಜೆಯ ಸೂಚನೆಯನ್ನು ಒಂದೇ ಸಲ ಕೇಳಿ ಪಾಲಿಸುವುದು. ಓದು ನಿಲ್ಲುವುದು ಈ ಮಾತಿನ ಮೇಲೆ. ಬಾಯಲ್ಲಿ ಇಲ್ಲದ ಪದವನ್ನು ಕಣ್ಣು ಓದಿದರೂ ಮನಸ್ಸು ಹಿಡಿಯುವುದಿಲ್ಲ.

ಕಿವಿಯ ತಯಾರಿಯನ್ನು ಆಟದಲ್ಲೇ ನೋಡಬಹುದು. ‘ಕಮಲ’ ಎಂಬ ಪದಕ್ಕೆ ಎಷ್ಟು ಚಪ್ಪಾಳೆ? ಮಗು ಕ, ಮ, ಲ ಎಂದು ಮೂರು ತಟ್ಟಿದರೆ ಪದವನ್ನು ಅಕ್ಷರಗಳಾಗಿ ಬಿಡಿಸುವ ಕಿವಿ ಅದಕ್ಕಿದೆ ಎಂದರ್ಥ. ‘ಮರ’ ಮತ್ತು ‘ಮನೆ’ ಎರಡಕ್ಕೂ ಒಂದೇ ಮೊದಲ ಸದ್ದು ಎಂದು ಗುರುತಿಸಿದರೆ, ‘ಆಟ’ಕ್ಕೆ ಪ್ರಾಸವಾಗಿ ‘ಪಾಠ’ವನ್ನೋ ‘ಓಟ’ವನ್ನೋ ಹೇಳಿದರೆ ಇನ್ನೂ ಒಳ್ಳೆಯದು. ಪುಸ್ತಕವನ್ನು ನೆಟ್ಟಗೆ ಹಿಡಿಯುವುದು, ಸಾಲು ಎಡದಿಂದ ಬಲಕ್ಕೆ ಸಾಗುತ್ತದೆಂದು ತಿಳಿದಿರುವುದು, ತನ್ನ ಹೆಸರನ್ನು ಬರಹದಲ್ಲಿ ಗುರುತಿಸುವುದು, ಇಷ್ಟಿದ್ದರೆ ಓದಿನ ದೃಷ್ಟಿಯಿಂದ ಮಗು ಸಿದ್ಧ.

ಬೆರಳಿನ ವಿಷಯದಲ್ಲಿ ಒಂದು ಮಾತು. ಕನ್ನಡದ ಅಕ್ಷರಗಳು ಗುಂಡು ಗುಂಡಾಗಿ, ಸುರುಳಿಗಳಾಗಿ ಇರುವುದರಿಂದ ಪೆನ್ಸಿಲನ್ನು ಎರಡೂ ದಿಕ್ಕಿಗೆ ತಿರುಗಿಸುವ ಹಿಡಿತ ಬೇಕು. ಅದು ಬರುವುದು ಚಿತ್ರ ಬಿಡಿಸುವುದರಿಂದ, ಕತ್ತರಿಯಿಂದ ಕಾಗದ ಕತ್ತರಿಸುವುದರಿಂದ, ಮಣ್ಣನ್ನು ಉಂಡೆ ಮಾಡುವುದರಿಂದ, ಮಣಿ ಪೋಣಿಸುವುದರಿಂದ. ಬೆರಳು ಗಟ್ಟಿಯಾಗದ ಮಗುವಿನಿಂದ ಪುಟಗಟ್ಟಲೆ ಕಾಪಿ ಬರೆಸಿದರೆ ಬರವಣಿಗೆಯ ಮೇಲೆ ಬೇಸರ ಹುಟ್ಟುತ್ತದೆ, ಆ ಬೇಸರ ಬಹಳ ಕಾಲ ಉಳಿಯುತ್ತದೆ. ಮಗು 3, 7 ಮುಂತಾದ ಅಂಕಿಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದರೆ ಈ ವಯಸ್ಸಿನಲ್ಲಿ ಗಾಬರಿ ಬೇಡ. ಒಂದು ವಸ್ತುವನ್ನು ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಅದೇ ವಸ್ತುವೆಂದು ಗುರುತಿಸುವ ಗುಣ ಮಿದುಳಿಗೆ ಸಹಜವಾಗಿ ಇದೆ. ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹೇನ್ ವಿವರಿಸುವಂತೆ, ಓದು ಕಲಿಯುವಾಗ ಅಕ್ಷರಗಳ ಮಟ್ಟಿಗೆ ಆ ಗುಣವನ್ನು ಮಿದುಳು ಬಿಡಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ.

ಇನ್ನು ಎಣಿಕೆ. ಒಂದರಿಂದ ನೂರರವರೆಗೆ ಪಟಪಟನೆ ಹೇಳುವ ಮಗುವಿಗೆ ಏಳು ಗುಂಡಿಗಳನ್ನು ಎಣಿಸಲು ಬಾರದೆ ಇರಬಹುದು. ಎಣಿಕೆಯೊಳಗೆ ಹಲವು ತಿಳಿವಳಿಕೆಗಳು ಸೇರಿಕೊಂಡಿವೆ ಎಂಬುದನ್ನು ರೋಚೆಲ್ ಗೆಲ್ಮನ್ ಮತ್ತು ರ್‍ಯಾಂಡಿ ಗ್ಯಾಲಿಸ್ಟೆಲ್ 1978ರಲ್ಲಿ ಬಿಡಿಸಿ ತೋರಿಸಿದರು: ಒಂದು ವಸ್ತುವಿಗೆ ಒಂದೇ ಸಂಖ್ಯೆ, ಸಂಖ್ಯೆಗಳ ಕ್ರಮ ಬದಲಾಗಬಾರದು, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ, ಯಾವ ಕಡೆಯಿಂದ ಎಣಿಸಿದರೂ ಮೊತ್ತ ಅದೇ, ಯಾವ ವಸ್ತುವನ್ನಾದರೂ ಎಣಿಸಬಹುದು. ಮಗುವಿನ ಮುಂದೆ ಏಳು ಗುಂಡಿಗಳನ್ನು ಇಟ್ಟು ಎಣಿಸಲು ಹೇಳಿ. ಎಣಿಸಿ ಮುಗಿಸಿದ ಮೇಲೆ ‘ಹಾಗಾದರೆ ಒಟ್ಟು ಎಷ್ಟು?’ ಎಂದು ಕೇಳಿ. ‘ಏಳು’ ಎಂದು ತಟ್ಟನೆ ಹೇಳಿದರೆ ಸರಿ. ಮತ್ತೆ ಮೊದಲಿನಿಂದ ಎಣಿಸತೊಡಗಿದರೆ, ಕೊನೆಯ ಸಂಖ್ಯೆಯೇ ಮೊತ್ತ ಎಂಬುದು ಇನ್ನೂ ಕೂತಿಲ್ಲ. ‘ನನಗೆ ಐದು ಕೊಡು’ ಎಂದಾಗ ಐದಕ್ಕೆ ನಿಲ್ಲಿಸುತ್ತದೆಯೋ ಕೈಗೆ ಬಂದಷ್ಟು ಕೊಡುತ್ತದೆಯೋ ನೋಡಿ. ಹತ್ತು ವಸ್ತುಗಳವರೆಗೆ ಹೀಗೆ ತಪ್ಪದೆ ಎಣಿಸಿ ಕೊಡಬಲ್ಲ, ಎರಡು ಗುಂಪುಗಳಲ್ಲಿ ಯಾವುದು ಹೆಚ್ಚು ಎಂದು ಹೇಳಬಲ್ಲ ಮಗು, ನೂರರವರೆಗೆ ಬಾಯಿಪಾಠ ಹೇಳುವ ಮಗುವಿಗಿಂತ ಗಣಿತಕ್ಕೆ ಹೆಚ್ಚು ಸಿದ್ಧವಾಗಿರುತ್ತದೆ.

ಎರಡನೇ ತರಗತಿಗೆ

ಇಲ್ಲಿಗೆ ಬರುವಾಗ ಮೂಲಾಕ್ಷರಗಳೆಲ್ಲ ಗುರುತು ಸಿಗಬೇಕು, ಕಾಗುಣಿತದ ತಲಕಟ್ಟು, ದೀರ್ಘ, ಗುಡಿಸು, ಕೊಂಬು, ಏತ್ವಗಳು ಯಾವ ಅಕ್ಷರಕ್ಕೆ ಸೇರಿದರೂ ಓದಲು ಬರಬೇಕು. ಕ, ಕಾ, ಕಿ, ಕೀ ಎಂದು ರಾಗವಾಗಿ ಹೇಳುವುದು ಬೇರೆ, ‘ಗೂಡು’ ಎಂಬ ಪದದಲ್ಲಿ ‘ಗೂ’ವನ್ನು ನೇರವಾಗಿ ಗುರುತಿಸುವುದು ಬೇರೆ. ಮನಸ್ಸಿನಲ್ಲೇ ಗ, ಗಾ, ಗಿ, ಗೀ ಎಂದು ಇಳಿದು ಬಂದು ‘ಗೂ’ ಮುಟ್ಟುವ ಮಗು ಓದುತ್ತಿದೆ ನಿಜ, ಆದರೆ ಏಣಿ ಇಳಿದು ಇಳಿದು ಸುಸ್ತಾಗುತ್ತಿದೆ. ಅಂಥ ಮಗುವಿಗೆ ಕಾಗುಣಿತವನ್ನು ಕ್ರಮ ತಪ್ಪಿಸಿ, ಚೀಟಿಗಳಲ್ಲಿ ಬರೆದು ಕಲಸಿ ತೋರಿಸುವುದು ಒಳ್ಳೆಯ ಅಭ್ಯಾಸ. ದ, ಧ, ಥ ಹಾಗೂ ಪ, ವ, ಷ ಗುಂಪುಗಳಂಥ ಹೋಲುವ ಅಕ್ಷರಗಳನ್ನು ಒಟ್ಟಿಗೆ ಕಲಿಸದೆ, ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತನ್ನಿ. ಒತ್ತಕ್ಷರವಿಲ್ಲದ ಸರಳ ಪದಗಳ ಪುಟ್ಟ ವಾಕ್ಯವನ್ನು ಓದುವುದು, ಹೇಳಿದ ಐದಾರು ಸರಳ ಪದಗಳನ್ನು ಉಕ್ತಲೇಖನವಾಗಿ ಬರೆಯುವುದು, ಓದು ಬರಹದಲ್ಲಿ ಇಷ್ಟು ಸಾಕು.

ಲೆಕ್ಕದಲ್ಲಿ ಹೊರಬೇಕಾದ ಭಾರ ‘ಹತ್ತು ಮತ್ತು ಬಿಡಿ’ ಎಂಬ ಕಲ್ಪನೆಯದು. ಕನ್ನಡದ ಸಂಖ್ಯಾಪದಗಳು ಇಲ್ಲಿ ಮಗುವಿನ ಪರವಾಗಿವೆ: ಇಪ್ಪತ್ಮೂರು ಎಂದಾಗ ಇಪ್ಪತ್ತು ಮೊದಲು, ಮೂರು ಆಮೇಲೆ ಕೇಳಿಸುತ್ತದೆ, ಬರೆಯುವಾಗಲೂ ಅದೇ ಕ್ರಮ. ಹದಿಮೂರರಲ್ಲಿರುವ ‘ಹದಿ’ ಎಂದರೂ ಹತ್ತೇ ಎಂದು ಒಮ್ಮೆ ಹೇಳಿದರೆ ಮಕ್ಕಳ ಮುಖ ಅರಳುತ್ತದೆ. ಎಡವುವುದು ದಾಟುವ ಜಾಗಗಳಲ್ಲಿ. ಎಪ್ಪತ್ತೊಂಬತ್ತು ಆದ ಮೇಲೆ ಯಾವುದು ಎಂದು ಕೇಳಿದರೆ ‘ತೊಂಬತ್ತು’ ಎನ್ನುವ ಮಕ್ಕಳು ಬಹಳ. ಹತ್ತು ಹತ್ತು ಕಡ್ಡಿಗಳ ಕಟ್ಟು ಕಟ್ಟಿ, 79 ಎಂದರೆ ಏಳು ಕಟ್ಟು ಮತ್ತು ಒಂಬತ್ತು ಬಿಡಿ ಕಡ್ಡಿ, ಇನ್ನೊಂದು ಕಡ್ಡಿ ಸೇರಿದರೆ ಎಂಟನೇ ಕಟ್ಟು ಎಂದು ಮಗುವಿನ ಕೈಯಿಂದಲೇ ಕಟ್ಟಿಸಬೇಕು.

ಕೂಡುವುದನ್ನು ನೋಡುವಾಗ ಉತ್ತರಕ್ಕಿಂತ ದಾರಿಯನ್ನು ಗಮನಿಸಿ. 8 ಮತ್ತು 5ನ್ನು ಕೂಡಲು ಎಂಟು ಬೆರಳು ಎಣಿಸಿ, ಐದು ಬೆರಳು ಎಣಿಸಿ, ಮತ್ತೆ ಎಲ್ಲವನ್ನೂ ಒಂದರಿಂದ ಎಣಿಸುವ ಮಗು ಮೊದಲ ಮೆಟ್ಟಿಲಲ್ಲಿದೆ. ಎಂಟನ್ನು ಮನಸ್ಸಿನಲ್ಲಿಟ್ಟು ‘ಒಂಬತ್ತು, ಹತ್ತು, ಹನ್ನೊಂದು...’ ಎಂದು ಮುಂದುವರಿಸುವ ಮಗು ಎರಡನೆಯದರಲ್ಲಿದೆ. ‘ಎಂಟಕ್ಕೆ ಎರಡು ಸೇರಿದರೆ ಹತ್ತು, ಉಳಿದದ್ದು ಮೂರು, ಹದಿಮೂರು’ ಎನ್ನುವ ಮಗು ಮೂರನೆಯದರಲ್ಲಿದೆ. ಎರಡನೇ ಮೆಟ್ಟಿಲಲ್ಲಿದ್ದರೆ ಎರಡನೇ ತರಗತಿಗೆ ನಿಶ್ಚಿಂತೆಯಿಂದ ಕಳುಹಿಸಬಹುದು. ಬೆರಳು ಬಳಸಿದ್ದಕ್ಕೆ ಗದರಿಸಬಾರದು. ಹತ್ತರ ಜೋಡಿಗಳು ನೆನಪಿಗೆ ಬಂದಂತೆ ಬೆರಳು ತಾನಾಗಿಯೇ ಬಿಟ್ಟುಹೋಗುತ್ತದೆ.

ಮೂರನೇ ತರಗತಿಗೆ

ಐದು ತರಗತಿಗಳಲ್ಲಿ ನಾನು ಅತಿ ಹೆಚ್ಚು ಕಾಳಜಿಯಿಂದ ನೋಡುವ ಹೊಸ್ತಿಲು ಇದು. ಇಲ್ಲಿ ಹಿಂದೆ ಬಿದ್ದ ಮಗು ಹೊರನೋಟಕ್ಕೆ ಸುಮ್ಮನೆ ಕಾಣುತ್ತದೆ, ಬೋರ್ಡಿನಿಂದ ನೋಡಿ ಬರೆದುಕೊಳ್ಳುತ್ತದೆ, ಪುಸ್ತಕಗಳೆಲ್ಲ ತುಂಬಿರುತ್ತವೆ, ಆದರೆ ತಾನು ಬರೆದದ್ದನ್ನು ಓದಲು ಅದಕ್ಕೆ ಬರುವುದಿಲ್ಲ.

ಕನ್ನಡ ಓದಿನಲ್ಲಿ ಈ ಹಂತದ ಗಂಟು ಒತ್ತಕ್ಷರ. ‘ಅಕ್ಕ’, ‘ಹಣ್ಣು’, ‘ಕನ್ನಡ’ಗಳಂಥ ಸಜಾತಿ ಒತ್ತುಗಳು ಮೊದಲು ಬರುತ್ತವೆ, ‘ಪುಸ್ತಕ’, ‘ಶಕ್ತಿ’, ‘ಚಂದ್ರ’, ‘ಲಕ್ಷ್ಮಿ’ಗಳಂಥ ವಿಜಾತಿ ಒತ್ತುಗಳು ತಡವಾಗಿ ಬರುತ್ತವೆ. ತ, ನ, ಮ, ಯ, ರ ಅಕ್ಷರಗಳ ಒತ್ತುಗಳು ಮೂಲಾಕ್ಷರವನ್ನು ಹೋಲುವುದೇ ಇಲ್ಲವಾದ್ದರಿಂದ ಅವನ್ನು ಹೊಸ ಅಕ್ಷರಗಳಂತೆಯೇ ಕಲಿಯಬೇಕು. ‘ಸೂರ್ಯ’ ಎಂದು ಅರ್ಕಾವತ್ತಿನಲ್ಲಿ ಬರೆದಾಗಲಂತೂ ನಾಲಿಗೆ ಮೊದಲು ನುಡಿಯುವ ‘ರ್’ ಕಣ್ಣಿಗೆ ‘ಯ’ದ ಆಚೆ ಕಾಣುತ್ತದೆ. ಮಗು ಅದನ್ನು ‘ಸೂಯ್ರ’ ಎಂದು ಓದಿದರೆ ಅದು ಅಜಾಗರೂಕತೆಯಲ್ಲ, ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದ ಪ್ರಾಮಾಣಿಕತೆ. ‘ಇಲ್ಲಿ ಕಣ್ಣಿನ ಕ್ರಮ ಬೇರೆ, ಬಾಯಿನ ಕ್ರಮ ಬೇರೆ’ ಎಂದು ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ. ಕನ್ನಡದಲ್ಲಿ ಓದು ಕಲಿಯುವ ಮಕ್ಕಳ ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳು ಪೂರ್ತಿ ಕೈವಶವಾಗುವ ಕೆಲಸ ಮೂರು ನಾಲ್ಕನೇ ತರಗತಿಯವರೆಗೂ ನಡೆಯುತ್ತದೆ ಎಂದು ತೋರಿಸಿತು. ಕೆಲವೇ ಅಕ್ಷರಗಳಿರುವ ಲಿಪಿಗಳ ವೇಗವನ್ನು ನಮ್ಮ ಮಕ್ಕಳಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಹಾಗಾಗಿ ಮೂರನೇ ತರಗತಿಗೆ ಬರುವಾಗ ಸಜಾತಿ ಒತ್ತುಗಳು ಸಲೀಸಾಗಿರಬೇಕು, ವಿಜಾತಿ ಒತ್ತುಗಳಲ್ಲಿ ಬಳಕೆಯವು ಬರಬೇಕು, ಉಳಿದವು ಬರುತ್ತಿರಬೇಕು, ಎಂದಿಷ್ಟೇ ನನ್ನ ಅಳತೆ.

ಎರಡನೆಯ ಅಳತೆ ಓದಿನ ಓಟ. ಒಂದೊಂದೇ ಅಕ್ಷರವನ್ನು ಬಿಡಿಸಿ ಓದುವ ಮಗು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ವಾಕ್ಯದ ಮೊದಲನ್ನು ಮರೆತಿರುತ್ತದೆ. ಮನಸ್ಸು ಒಂದು ಗಳಿಗೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಬಹಳ ಕಡಿಮೆ. ಅದೆಲ್ಲ ಅಕ್ಷರ ಬಿಡಿಸುವುದರಲ್ಲೇ ಖರ್ಚಾದರೆ ಅರ್ಥಕ್ಕೆ ಏನೂ ಉಳಿಯುವುದಿಲ್ಲ. ಓಟ ಬರಿಸಲು ಒಂದು ಸರಳ ದಾರಿ: ಎಂಟು ಹತ್ತು ಸಾಲಿನ ಒಂದೇ ಭಾಗವನ್ನು ಮೊದಲು ನೀವು ಓದಿ ಕೇಳಿಸಿ, ಆಮೇಲೆ ಇಬ್ಬರೂ ಒಟ್ಟಿಗೆ ಓದಿ, ಆಮೇಲೆ ಮಗು ಒಂದೇ ಓದಲಿ, ಮೂರು ದಿನ ಹೀಗೆ ಮಾಡಿ ನಾಲ್ಕನೇ ದಿನ ಹೊಸ ಭಾಗ ಹಿಡಿಯಿರಿ.

ಅರ್ಥವಾಗದಿರುವುದು ಓದಲು ಬಾರದ್ದರಿಂದಲೋ ಮಾತೇ ತಿಳಿಯದ್ದರಿಂದಲೋ ಎಂದು ಬೇರ್ಪಡಿಸುವುದು ಬಹಳ ಮುಖ್ಯ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ಕಂಡರು: ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ಗ್ರಹಿಸುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದಿನ ಗ್ರಹಿಕೆ. ಎರಡರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಇದನ್ನು ಮನೆಯಲ್ಲಿ ಹೀಗೆ ನೋಡಬಹುದು. ಸಮಾನವಾಗಿ ಸುಲಭವಿರುವ ಎರಡು ಚಿಕ್ಕ ಕಥೆಗಳನ್ನು ಆರಿಸಿ, ಒಂದನ್ನು ಮಗುವೇ ಓದಲಿ, ಇನ್ನೊಂದನ್ನು ನೀವು ಓದಿ ಹೇಳಿ. ಎರಡರ ಮೇಲೂ ನಾಲ್ಕು ನಾಲ್ಕು ಪ್ರಶ್ನೆ ಕೇಳಿ. ನೀವು ಓದಿದ ಕಥೆಗೆ ಚೆನ್ನಾಗಿ ಉತ್ತರಿಸಿ ತಾನು ಓದಿದ್ದಕ್ಕೆ ತಡವರಿಸಿದರೆ ಅಕ್ಷರದ ಕಡೆ ಕೆಲಸವಿದೆ. ಎರಡಕ್ಕೂ ತಡವರಿಸಿದರೆ ಕೊರತೆ ಇರುವುದು ಪದಸಂಪತ್ತಿನಲ್ಲಿ. ಅದಕ್ಕೆ ಹೆಚ್ಚು ಕಾಪಿ ಬರೆಸುವುದು ಮದ್ದಲ್ಲ, ದಿನವೂ ಕಥೆ ಓದಿ ಹೇಳಿ ಮಾತನಾಡುವುದೇ ಮದ್ದು. ಚೆನ್ನಾಗಿ ಓದುವವರು ಹೆಚ್ಚು ಓದುತ್ತ ಇನ್ನಷ್ಟು ಮುಂದಾಗುತ್ತಾರೆ, ಕಷ್ಟಪಡುವವರು ಪುಸ್ತಕದಿಂದ ದೂರ ಸರಿದು ಇನ್ನಷ್ಟು ಹಿಂದಾಗುತ್ತಾರೆ ಎಂದು ಕೀತ್ ಸ್ಟ್ಯಾನೋವಿಚ್ 1986ರಲ್ಲಿ ಎಚ್ಚರಿಸಿದ್ದರು. ಆ ಅಂತರ ಹಿಗ್ಗುವ ಮೊದಲೇ ಮುಚ್ಚಲು ಸಿಗುವ ಒಳ್ಳೆಯ ಅವಕಾಶ ಈ ವಯಸ್ಸು.

ಲೆಕ್ಕದಲ್ಲಿ ಒಂದೇ ಒಂದು ಸಮಸ್ಯೆಯನ್ನು ಕೊಡಿ: 52ರಿಂದ 27 ಕಳೆ. ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಕೇಳಿದರೆ, ‘ಏಳರಿಂದ ಎರಡು ಹೋದರೆ ಐದು, ಐದರಿಂದ ಎರಡು ಹೋದರೆ ಮೂರು’ ಎಂದು ಧೈರ್ಯವಾಗಿ ವಿವರಿಸುತ್ತಾರೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬ ಮಾತನ್ನು ಅವರು ಒಂದೊಂದು ಅಂಕಿಗೂ ಬೇರೆ ಬೇರೆಯಾಗಿ ಅನ್ವಯಿಸಿದ್ದಾರೆ. ಇಂಥ ಮಗುವಿಗೆ ಇನ್ನೂ ಇಪ್ಪತ್ತು ಕಳೆಯುವ ಲೆಕ್ಕ ಕೊಟ್ಟರೆ ಇಪ್ಪತ್ತು ಸಲ ಅದೇ ತಪ್ಪು ಗಟ್ಟಿಯಾಗುತ್ತದೆ. ಐದು ಕಡ್ಡಿಕಟ್ಟು ಮತ್ತು ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟು, ‘ಇದರಲ್ಲಿ ಇಪ್ಪತ್ತೇಳು ನನಗೆ ಕೊಡು’ ಎನ್ನಿ. ಏಳು ಬಿಡಿ ಕಡ್ಡಿ ಸಿಗದೆ ಮಗು ಒಂದು ಕಟ್ಟನ್ನು ತಾನೇ ಬಿಚ್ಚುತ್ತದೆ. ದಶಕ ತೆಗೆದುಕೊಳ್ಳುವುದು ಎಂದರೆ ಆ ಬಿಚ್ಚುವ ಕೆಲಸವೇ ಎಂದು ತೋರಿಸಿ, ಆಮೇಲೆ ಕಾಗದಕ್ಕೆ ಬನ್ನಿ. ‘ನೂರಐದು’ ಬರೆ ಎಂದಾಗ 1005 ಎಂದು ಬರೆಯುವ ಮಗುವಿಗೂ ಇದೇ ಮದ್ದು, ಸ್ಥಾನಬೆಲೆ. ಇದರ ಜೊತೆಗೆ ಗುಣಾಕಾರವೆಂದರೆ ಸಮಾನ ಗುಂಪುಗಳನ್ನು ಕೂಡುವುದು ಎಂಬ ಅರಿವು ಮತ್ತು 2, 5, 10ರ ಮಗ್ಗಿ ಇದ್ದರೆ ಸಾಕು.

ನಾಲ್ಕನೇ ತರಗತಿಗೆ

ಮೂರನೇ ತರಗತಿಯವರೆಗೆ ಮಗು ಓದಲು ಕಲಿಯುತ್ತದೆ, ನಾಲ್ಕರಿಂದ ಮುಂದೆ ಕಲಿಯಲು ಓದುತ್ತದೆ. ಓದಿನ ಹಂತಗಳನ್ನು 1983ರಲ್ಲಿ ವಿವರಿಸಿದ ಜೀನ್ ಚಾಲ್ ಅವರ ಈ ವಿಂಗಡಣೆ ತಂದೆ ತಾಯಂದಿರಿಗೆ ಬಹಳ ಉಪಯುಕ್ತ. ವಿಜ್ಞಾನ, ಸಮಾಜದ ಪುಸ್ತಕಗಳು ಇಲ್ಲಿಂದ ಮಗುವಿಗೆ ಓದು ಬರುತ್ತದೆಂದು ನಂಬಿಯೇ ಮಾತನಾಡುತ್ತವೆ. ಆದ್ದರಿಂದ ಹೊಸದೊಂದು ವಿಷಯದ ಮೇಲಿನ ಅರ್ಧ ಪುಟವನ್ನು ಮೌನವಾಗಿ ಓದಿ, ಪುಸ್ತಕ ಮುಚ್ಚಿ, ತನ್ನದೇ ಮಾತಿನಲ್ಲಿ ಹೇಳಲು ಬರುತ್ತದೆಯೇ ನೋಡಿ. ಪ್ರಶ್ನೆ ಕೇಳುವಾಗ ಪುಸ್ತಕದ ಸಾಲನ್ನೇ ಎತ್ತಿ ಉತ್ತರಿಸಬಹುದಾದವನ್ನು ಬಿಟ್ಟು, ‘ಅವನು ಹಾಗೇಕೆ ಮಾಡಿದ?’, ‘ಅವಳಿಗೆ ಕೋಪ ಬಂದಿದೆ ಎಂದು ನಿನಗೆ ಹೇಗೆ ಗೊತ್ತಾಯಿತು?’ ಎಂಬಂಥವನ್ನು ಕೇಳಿ. ಬರಹದಲ್ಲಿ ಒಂದು ವಿಷಯದ ಮೇಲೆ ಐದಾರು ವಾಕ್ಯಗಳನ್ನು ಕ್ರಮವಾಗಿ, ಬೇರೆಯವರು ಬರೆದುಕೊಟ್ಟದ್ದನ್ನು ನೆನಪಿಟ್ಟಲ್ಲ, ತಾನೇ ಯೋಚಿಸಿ ಬರೆಯಬೇಕು. ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು, ಲ ಮತ್ತು ಳ ತಪ್ಪು ಅಲ್ಲಲ್ಲಿ ಇದ್ದರೆ ಇರಲಿ. ವಾಕ್ಯದಿಂದ ವಾಕ್ಯಕ್ಕೆ ಸಂಬಂಧವಿರುವುದು ಅದಕ್ಕಿಂತ ದೊಡ್ಡದು.

ಲೆಕ್ಕದಲ್ಲಿ ಈ ವರ್ಷದ ಆಧಾರ ಮಗ್ಗಿ. ಹತ್ತರವರೆಗಿನ ಮಗ್ಗಿಗಳಲ್ಲಿ ನೂರು ಗುಣಲಬ್ಧಗಳಿವೆ ಎಂದು ಮಗು ಹೆದರಬಹುದು. 7×8 ಮತ್ತು 8×7 ಒಂದೇ ಎಂದು ತಿಳಿದ ಕೂಡಲೇ ನೂರು 55ಕ್ಕೆ ಇಳಿಯುತ್ತದೆ. ಅದರಲ್ಲಿ 1, 2, 5, 10ರ ಮಗ್ಗಿಗಳು ಆಗಲೇ ಬಂದಿದ್ದರೆ ಉಳಿಯುವುದು 3, 4, 6, 7, 8, 9ರ ನಡುವಿನ 21 ಮಾತ್ರ. ಇಪ್ಪತ್ತೊಂದು ಚೀಟಿ ಬರೆದು, ದಿನಕ್ಕೆ ಎರಡರಂತೆ ಸೇರಿಸುತ್ತ, ಹಳೆಯವನ್ನು ಬಿಡದೆ ಕೇಳುತ್ತ ಹೋದರೆ ಎರಡು ವಾರದೊಳಗೆ ಎಲ್ಲ ಚೀಟಿಯೂ ಕೈ ಸೇರಿರುತ್ತವೆ. ‘ಆರೆಂಟಲ ಎಷ್ಟು?’ ಎಂದಾಗ ಆರರ ಮಗ್ಗಿಯನ್ನು ಮೊದಲಿನಿಂದ ಹೇಳದೆ ಉತ್ತರಿಸಿದರೆ ಮಾತ್ರ ಮಗ್ಗಿ ಬಂದಿದೆ ಎನ್ನಬೇಕು, ಏಕೆಂದರೆ ಭಾಗಾಕಾರದ ನಡುವೆ ಮಗ್ಗಿ ಹೇಳುತ್ತ ನಿಂತ ಮಗುವಿಗೆ ತಾನು ಯಾವ ಹೆಜ್ಜೆಯಲ್ಲಿದ್ದೆ ಎಂಬುದೇ ತಪ್ಪಿಹೋಗುತ್ತದೆ.

ಇನ್ನೆರಡು ಸಣ್ಣ ಸಮಸ್ಯೆಗಳು ಬಹಳ ಸಂಗತಿ ಹೇಳುತ್ತವೆ. 8 + 4 = __ + 5 ಎಂದು ಬರೆದು ಖಾಲಿ ಜಾಗ ತುಂಬಿಸಲು ಹೇಳಿ. 12 ಎಂದು ಬರೆದ ಮಗುವಿಗೆ ಸಮ ಚಿಹ್ನೆಯೆಂದರೆ ‘ಉತ್ತರ ಇಲ್ಲಿ ಬರೆ’ ಎಂಬ ಆಜ್ಞೆ; 7 ಎಂದು ಬರೆದ ಮಗುವಿಗೆ ಅದು ಎರಡೂ ಕಡೆ ತೂಗುವ ತಕ್ಕಡಿ. ಮುಂದೆ ಬೀಜಗಣಿತ ನಿಲ್ಲುವುದು ಈ ತಕ್ಕಡಿಯ ಮೇಲೆ. ಎರಡನೆಯದು: ‘ರವಿಯ ಬಳಿ 12 ಪುಸ್ತಕಗಳಿವೆ. ಅದು ಅವನ ತಂಗಿಯ ಬಳಿ ಇರುವುದಕ್ಕಿಂತ 4 ಹೆಚ್ಚು. ತಂಗಿಯ ಬಳಿ ಎಷ್ಟಿವೆ?’ ‘ಹೆಚ್ಚು’ ಎಂಬ ಪದ ಕಂಡೊಡನೆ ಕೂಡಿ 16 ಎನ್ನುವ ಮಗು ಸಮಸ್ಯೆಯನ್ನು ಓದಿಲ್ಲ, ಪದವೊಂದನ್ನು ಹುಡುಕಿದೆ. ‘ಹೆಚ್ಚು ಅಂದರೆ ಕೂಡು, ಉಳಿದದ್ದು ಅಂದರೆ ಕಳೆ’ ಎಂಬ ಅಡ್ಡದಾರಿಯನ್ನು ಮನೆಯಲ್ಲೇ ಕಲಿಸಿದ್ದರೆ ಈಗ ಬಿಡಿಸಿ; ಎರಡು ಪಟ್ಟಿ ಎಳೆದು ಯಾವುದು ಉದ್ದ, ಯಾವುದು ಗಿಡ್ಡ ಎಂದು ಚಿತ್ರದಲ್ಲಿ ತೋರಿಸುವ ಅಭ್ಯಾಸ ಮಾಡಿಸಿ. ಗಡಿಯಾರ ನೋಡುವುದು, ಅಳತೆ ತೂಕಗಳು ಇವೆಲ್ಲ ದಿನನಿತ್ಯದ ಬಳಕೆಯಲ್ಲೇ ಬರುತ್ತವೆ, ಅವಕ್ಕಾಗಿ ಕೂರಿಸಬೇಕಿಲ್ಲ.

ಐದನೇ ತರಗತಿಗೆ

ಓದಿನಲ್ಲಿ ಇಲ್ಲಿ ಹೊಸದು ಕಡಿಮೆ, ಇದ್ದದ್ದೇ ಆಳವಾಗಬೇಕು: ಒಂದು ಪುಟದ ಮುಖ್ಯ ಮಾತು ಯಾವುದು, ಅದಕ್ಕೆ ಕೊಟ್ಟ ಕಾರಣ ಯಾವುದು ಎಂದು ಬೇರ್ಪಡಿಸುವುದು, ಗೊತ್ತಿಲ್ಲದ ಪದದ ಅರ್ಥವನ್ನು ಸಂದರ್ಭದಿಂದ ಊಹಿಸಿ ನಿಘಂಟಿನಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು, ಬರೆದದ್ದನ್ನು ತಾನೇ ಓದಿ ತಿದ್ದುವುದು.

ಗಣಿತದಲ್ಲಿ ಗಮನವಿಡಬೇಕಾದದ್ದು ಭಾಗಾಕಾರ ಮತ್ತು ಭಿನ್ನರಾಶಿ. ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು ಅಮೆರಿಕ ಮತ್ತು ಬ್ರಿಟನ್ನಿನ ಮಕ್ಕಳ ಮಾಹಿತಿಯನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವರ್ಷದ ಆಸುಪಾಸಿನಲ್ಲಿ ಮಗುವಿಗೆ ಈ ಎರಡರ ಮೇಲಿರುವ ಹಿಡಿತ ಪ್ರೌಢಶಾಲೆಯ ಗಣಿತದ ಸಾಧನೆಯನ್ನು ಮುಂಗಾಣಿಸುತ್ತದೆ ಎಂದು ಕಂಡುಬಂತು. ‘1/3 ದೊಡ್ಡದೋ 1/5 ದೊಡ್ಡದೋ?’ ಎಂದು ಕೇಳಿ. ಮೂರಕ್ಕಿಂತ ಐದು ದೊಡ್ಡದಾದ್ದರಿಂದ 1/5 ಎಂದರೆ, ಭಿನ್ನರಾಶಿಯನ್ನು ಮಗು ಒಂದರ ಮೇಲೊಂದು ಕೂತ ಎರಡು ಬಿಡಿ ಸಂಖ್ಯೆಗಳೆಂದು ತಿಳಿದಿದೆ. ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳನ್ನು ಒಂದನ್ನು ಮೂರಾಗಿ, ಇನ್ನೊಂದನ್ನು ಐದಾಗಿ ಮಡಿಸಿ ಪಕ್ಕಪಕ್ಕ ಇಡಿಸಿ. ಆಮೇಲೆ ಸಂಖ್ಯಾರೇಖೆಯ ಮೇಲೆ ಸೊನ್ನೆ ಮತ್ತು ಒಂದರ ನಡುವೆ ಅವುಗಳ ಜಾಗವನ್ನು ಗುರುತಿಸಲಿ. ಭಾಗಾಕಾರದಲ್ಲಿ ಶೇಷ ಭಾಜಕಕ್ಕಿಂತ ಏಕೆ ಚಿಕ್ಕದಿರಬೇಕು ಎಂಬುದಕ್ಕೆ ಮಗು ಕಾರಣ ಹೇಳಬಲ್ಲುದಾದರೆ ಕ್ರಿಯೆ ಅರ್ಥವಾಗಿದೆ ಎಂದು ತಿಳಿಯಬಹುದು.

ಕೊರತೆ ಕಂಡಾಗ

ತರಗತಿಯ ಪಾಠವನ್ನೇ ಇನ್ನಷ್ಟು ಹೊತ್ತು ಮಾಡಿಸುವುದು ಎಲ್ಲರೂ ಮಾಡುವ ತಪ್ಪು. ನಾಲ್ಕನೇ ತರಗತಿಯ ಮಗುವಿಗೆ ಭಾಗಾಕಾರ ಬಾರದಿದ್ದರೆ ಗುಣಾಕಾರ ನೋಡಿ, ಅದು ಬಾರದಿದ್ದರೆ ಕಳೆಯುವುದು, ಅದೂ ಬಾರದಿದ್ದರೆ ಹತ್ತು ಮತ್ತು ಬಿಡಿ. ಮಗು ಆತ್ಮವಿಶ್ವಾಸದಿಂದ ‘ಇದು ನನಗೆ ಬರುತ್ತದೆ’ ಎನ್ನುವ ಜಾಗ ಸಿಗುವವರೆಗೆ ಹಿಂದಕ್ಕೆ ಹೋಗಿ, ಅಲ್ಲಿಂದ ಮೇಲೆ ಹತ್ತಿಸಿ. ಹಿಂದಿನ ತರಗತಿಯ ಪುಸ್ತಕ ತೆಗೆದರೆ ದೊಡ್ಡ ಮಕ್ಕಳಿಗೆ ನಾಚಿಕೆಯಾಗುತ್ತದೆ. ಆದ್ದರಿಂದ ಅದೇ ವಿಷಯವನ್ನು ಚೀಟಿ, ಕಡ್ಡಿ, ಆಟಗಳ ಮೂಲಕ ಕೊಡಿ. ವಾರಕ್ಕೊಮ್ಮೆ ಎರಡು ಗಂಟೆ ಕೂರಿಸುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷ ಮಾಡಿಸಿದರೆ ಹೆಚ್ಚು ಉಳಿಯುತ್ತದೆ, ಏಕೆಂದರೆ ಮರೆಯುವ ಹೊತ್ತಿಗೆ ಮತ್ತೆ ನೆನಪಿಸಿಕೊಳ್ಳುವ ಪ್ರಯತ್ನವೇ ನೆನಪನ್ನು ಗಟ್ಟಿ ಮಾಡುತ್ತದೆ.

ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದೇ ತರಗತಿಯಲ್ಲಿ ಹೆಚ್ಚು ಕಡಿಮೆ ಒಂದು ವರ್ಷದ ಅಂತರವಿರುವ ಮಕ್ಕಳು ಅಕ್ಕಪಕ್ಕ ಕೂತಿರುತ್ತಾರೆ. ಆರು ವರ್ಷದ ಮಗುವಿಗೆ ಒಂದು ವರ್ಷವೆಂದರೆ ಅದರ ಬದುಕಿನ ಆರನೆಯ ಒಂದು ಭಾಗ. ಪಕ್ಕದ ಮಗುವಿನ ಜೊತೆ ಹೋಲಿಸುವ ಮೊದಲು ಇದು ನೆನಪಿರಲಿ.

ಕೆಲವು ಮಕ್ಕಳ ಕಷ್ಟದ ಮೂಲ ಕಲಿಕೆಯಲ್ಲೇ ಇರುವುದಿಲ್ಲ. ಬೋರ್ಡಿನಿಂದ ತಪ್ಪು ಬರೆದುಕೊಳ್ಳುವ ಮಗುವಿನ ಕಣ್ಣನ್ನು, ಉಕ್ತಲೇಖನದಲ್ಲಿ ಪದೇ ಪದೇ ಸದ್ದು ತಪ್ಪುವ ಮಗುವಿನ ಕಿವಿಯನ್ನು ಮೊದಲು ವೈದ್ಯರಿಗೆ ತೋರಿಸಿ. ಅವು ಸರಿಯಿದ್ದು, ಕೆಲವು ತಿಂಗಳು ಕ್ರಮವಾಗಿ ಹೇಳಿಕೊಟ್ಟ ಮೇಲೂ ಓದು ಮುಂದುವರಿಯದೆ, ಮಾತಿನಲ್ಲಿ ಚುರುಕಾಗಿರುವ ಮಗು ಅಕ್ಷರದ ಮುಂದೆ ಮಾತ್ರ ಕಂಗಾಲಾಗುತ್ತಿದ್ದರೆ, ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕು ಇರಬಹುದು. ಅದು ಬುದ್ಧಿಯ ಕೊರತೆಯಲ್ಲ, ಸೋಮಾರಿತನವಂತೂ ಅಲ್ಲ. ತಜ್ಞರ ಬಳಿ ಬೇಗ ಹೋದಷ್ಟೂ ಮಗು ತನ್ನನ್ನು ತಾನು ದಡ್ಡ ಎಂದುಕೊಳ್ಳುವ ದಿನಗಳು ಕಡಿಮೆಯಾಗುತ್ತವೆ.

ಕೊನೆಯದಾಗಿ ಒಂದು ಕೆಲಸವಿದೆ. ಹೊಸ ವರ್ಷದ ಮೊದಲ ವಾರದಲ್ಲಿ ನೀವು ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದು ಹೊಸ ತರಗತಿಯ ಶಿಕ್ಷಕರಿಗೆ ಕೊಡಿ. ‘ಓದಿನಲ್ಲಿ ಹಿಂದಿದ್ದಾಳೆ’ ಎಂದು ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ‘ಸಜಾತಿ ಒತ್ತು ಓದುತ್ತಾಳೆ, ವಿಜಾತಿ ಒತ್ತಿನಲ್ಲಿ ನಿಲ್ಲುತ್ತಾಳೆ, ಕಥೆ ಓದಿ ಹೇಳಿದರೆ ಪೂರ್ತಿ ಅರ್ಥವಾಗುತ್ತದೆ, ದಶಕ ತೆಗೆದುಕೊಳ್ಳುವುದನ್ನು ಕಡ್ಡಿಯಿಂದ ಮಾಡುತ್ತಾಳೆ, ಕಾಗದದ ಮೇಲೆ ಇನ್ನೂ ಬಂದಿಲ್ಲ’ ಎಂದು ಬರೆದರೆ ಆ ಶಿಕ್ಷಕರು ಮರುದಿನದಿಂದಲೇ ಕೆಲಸ ಶುರು ಮಾಡಬಹುದು.